ಆರು ತಿಂಗಳು ಸಂಬಳದ ರಜೆ, ಮೇಲೆ ನಾಲ್ಕು ತಿಂಗಳು ಸಂಬಳವಿಲ್ಲದ ರಜೆ: ಮನೆಯ ಲೆಕ್ಕ ತೂಗಿಸುವುದು ಹೇಗೆ?

ಪ್ರಶ್ನೆ: ಮೈಸೂರಿನ ಖಾಸಗಿ ಕಂಪನಿಯೊಂದರಲ್ಲಿ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಈಗ ಐದನೇ ತಿಂಗಳು, ಮೊದಲ ಮಗು. ಡಾಕ್ಟರು ಕೊಟ್ಟ ಹೆರಿಗೆ ದಿನಾಂಕ ಅಕ್ಟೋಬರ್ 12. ಸೆಪ್ಟೆಂಬರ್ 14ರಿಂದ ಹೆರಿಗೆ ರಜೆ ತೆಗೆದುಕೊಂಡು, 26 ವಾರ ಮುಗಿದ ಮೇಲೂ ನಾಲ್ಕು ತಿಂಗಳು ಸಂಬಳವಿಲ್ಲದ ರಜೆಯಲ್ಲಿ ಮಗುವಿನ ಜೊತೆ ಇರಬೇಕೆಂಬ ಆಸೆ. ನನ್ನ ಸಂಬಳ 48,000: ಬೇಸಿಕ್ 24,000, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) 9,600, ಸ್ಪೆಷಲ್ ಅಲೋವೆನ್ಸ್ 11,400, ಕನ್ವೇಯನ್ಸ್ 3,000. ಕೈಗೆ ಸುಮಾರು 45,000 ಬರುತ್ತದೆ, ಗಂಡನಿಗೆ 40,000. ತಿಂಗಳ ಖರ್ಚು ಹೀಗಿದೆ: ಮನೆ ಸಾಲದ ಕಂತು 22,000, ಮನೆ ಖರ್ಚು 18,000, ಅತ್ತೆ ಮಾವನ ಔಷಧಿ 4,000, ಸ್ಕೂಟರ್ ಸಾಲ 3,500 (ಜನವರಿಗೆ ಮುಗಿಯುತ್ತದೆ), ಚೀಟಿ 5,000, ಎಸ್‌ಐಪಿ (ಮ್ಯೂಚುವಲ್ ಫಂಡ್‌ಗೆ ತಿಂಗಳ ಹೂಡಿಕೆ) 6,000, ಪೆಟ್ರೋಲ್, ಫೋನ್, ಇಂಟರ್ನೆಟ್ 6,000. ಫೆಬ್ರವರಿಯಲ್ಲಿ 24,000 ವಿಮಾ ಕಂತು. ಎಫ್‌ಡಿಯಲ್ಲಿ 70,000 ಇದೆ. ಆಸ್ಪತ್ರೆಯವರು 1,10,000 ಆಗಬಹುದು ಅಂದಿದ್ದಾರೆ, ಕಂಪನಿಯ ವಿಮೆಯಲ್ಲಿ ಹೆರಿಗೆಗೆ ಇರುವ ಮಿತಿ 50,000. ಇಷ್ಟರಲ್ಲಿ ಹತ್ತು ತಿಂಗಳು ಮನೆಯಲ್ಲಿರುವುದು ಸಾಧ್ಯವೇ? ಗಾರ್ಮೆಂಟ್ಸ್‌ನಲ್ಲಿರುವ ನನ್ನ ತಂಗಿಗೂ ಡಿಸೆಂಬರ್‌ನಲ್ಲಿ ಹೆರಿಗೆ. ಅವಳಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದೆ. ಅವಳು ಏನು ಮಾಡಬೇಕು?

ಉತ್ತರ: ನಿಮ್ಮ ಅಂಕಿ ಅಂಶ ನೋಡಿದರೆ ಸಾಧ್ಯವಿದೆ. ಆದರೆ ಒಂದು ವಿಷಯ ಇತ್ಯರ್ಥವಾಗದೆ ಹೌದು ಎನ್ನಲಾಗದು. 26 ವಾರ ಕಂಪನಿ ನಿಮಗೆ ಕೊಡುವುದು ಪೂರ್ತಿ 48,000ದ ಲೆಕ್ಕದಲ್ಲೋ, ಅದಕ್ಕಿಂತ ಕಡಿಮೆಯಲ್ಲೋ? ಈ ಒಂದು ಉತ್ತರದ ಮೇಲೆ ಸುಮಾರು 75,000 ರೂಪಾಯಿ ನಿಂತಿದೆ. ನಿಮ್ಮ ಸಂಬಳವಿಲ್ಲದ ನಾಲ್ಕು ತಿಂಗಳಿಗೆ ಬೇಕಾಗುವ ದುಡ್ಡೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ತೊಟ್ಟಿಲು, ಬಟ್ಟೆಯ ಪಟ್ಟಿಗಿಂತ ಮೊದಲು ಎಚ್‌ಆರ್ ವಿಭಾಗದಿಂದ ಲಿಖಿತ ಉತ್ತರ ತರಿಸಿಕೊಳ್ಳಿ.

ಇದು ಯಾಕೆ ಗೊಂದಲವಾಯಿತು ಅಂತ ಹೇಳುತ್ತೇನೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಸಂಬಳ ಎಂದರೆ ಎಚ್‌ಆರ್‌ಎ, ಇತರ ನಗದು ಭತ್ಯೆ ಎಲ್ಲವೂ ಸೇರುತ್ತಿದ್ದವು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮೂಲ ಹಕ್ಕುಗಳು ಹಾಗೆಯೇ ಉಳಿದಿವೆ: ಮೊದಲ ಎರಡು ಮಕ್ಕಳಿಗೆ 26 ವಾರ, ಅದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ. ಈಗಾಗಲೇ ಎರಡು ಮಕ್ಕಳಿದ್ದರೆ 12 ವಾರ. ಹೆರಿಗೆ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಬದಲಾಗಿರುವುದು 'ವೇತನ' ಎಂಬ ಪದದ ಅರ್ಥ. ಹೊಸ ಅರ್ಥದಲ್ಲಿ ಎಚ್‌ಆರ್‌ಎ, ಕನ್ವೇಯನ್ಸ್ ಮುಂತಾದವು ಹೊರಗೆ ಉಳಿಯುತ್ತವೆ. ಹೀಗೆ ಹೊರಗಿಟ್ಟ ಮೊತ್ತ ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಾದರೆ ಮಾತ್ರ ಹೆಚ್ಚಾದಷ್ಟನ್ನು ವಾಪಸ್ ವೇತನಕ್ಕೆ ಸೇರಿಸಬೇಕು. ನಿಮ್ಮಲ್ಲಿ ಹೊರಗುಳಿಯುವುದು 9,600 ಮತ್ತು 3,000, ಅಂದರೆ 12,600. ಅರ್ಧಕ್ಕಿಂತ ಬಹಳ ಕಡಿಮೆ. ಹಾಗಾಗಿ ಅಕ್ಷರಶಃ ಲೆಕ್ಕ ಹಾಕುವ ಕಂಪನಿ ನಿಮ್ಮ ವೇತನ 35,400 ಎನ್ನಬಹುದು. ಇದು ಕೆಳಮಿತಿ ಮಾತ್ರ. ಇದಕ್ಕಿಂತ ಹೆಚ್ಚು ಕೊಡಲು ಕಂಪನಿಗೆ ಯಾವ ಅಡ್ಡಿಯೂ ಇಲ್ಲ, ತಮ್ಮ ನೀತಿಯ ಪ್ರಕಾರ ಪೂರ್ತಿ ಸಂಬಳವನ್ನೇ ಕೊಡುವ ಕಂಪನಿಗಳು ಎಷ್ಟೋ ಇವೆ. ನಿಮ್ಮದು ಯಾವ ಸಾಲಿಗೆ ಸೇರಿದ್ದು ಎಂಬುದನ್ನು ಊಹೆಗೆ ಬಿಡಬೇಡಿ.

ದಿನದ ಸರಾಸರಿ ಹಿಡಿಯುವಲ್ಲಿ ಇನ್ನೊಂದು ತಪ್ಪು ಆಗುತ್ತದೆ. ಇದು ಎಷ್ಟು ಸಾಮಾನ್ಯವೆಂದರೆ, ಕಳೆದುಕೊಂಡವರಿಗೆ ಕಳೆದುಕೊಂಡದ್ದೇ ಗೊತ್ತಾಗಿರುವುದಿಲ್ಲ. ರಜೆ ಶುರುವಾಗುವ ದಿನಕ್ಕೆ ಹಿಂದಿನ ಮೂರು ಕ್ಯಾಲೆಂಡರ್ ತಿಂಗಳ ವೇತನದ ಸರಾಸರಿಯೇ ದಿನದ ದರ. ನಿಮಗೆ ಅದು ಜೂನ್, ಜುಲೈ, ಆಗಸ್ಟ್. ಕಾನೂನು ಹೇಳುವುದು ಕೆಲಸ ಮಾಡಿದ ದಿನಗಳ ಸರಾಸರಿಯನ್ನು. ಆಗಸ್ಟ್‌ನಲ್ಲಿ ಕಾಲು ಊತ, ಬಿಪಿ ಅಂತ 10 ದಿನ ಸಂಬಳವಿಲ್ಲದ ರಜೆ ಹಾಕಿದಿರಿ ಅಂದುಕೊಳ್ಳಿ. ಪೂರ್ತಿ ಸಂಬಳದ ಲೆಕ್ಕದಲ್ಲಿ ಮೂರು ತಿಂಗಳಿಗೆ ಬಂದದ್ದು 1,28,516. ಇದನ್ನು ಸಂಬಳ ಬಂದ 82 ದಿನಕ್ಕೆ ಹಂಚಿದರೆ ದಿನಕ್ಕೆ 1,567. ಲೆಕ್ಕದವರು ಯೋಚಿಸದೆ ಮೂರು ತಿಂಗಳ 92 ದಿನಕ್ಕೆ ಹಂಚಿದರೆ 1,397. ದಿನಕ್ಕೆ 170ರ ವ್ಯತ್ಯಾಸ, 182 ದಿನಕ್ಕೆ 30,940 ರೂಪಾಯಿ. ಹತ್ತು ದಿನದ ರಜೆಗೆ ಆಗಸ್ಟ್‌ನಲ್ಲೇ ಸಂಬಳ ಕಡಿತವಾಗಿರುತ್ತದೆ, ಅದೇ ರಜೆಗೆ ಮುಂದಿನ ಆರು ತಿಂಗಳೂ ದಂಡ ಕಟ್ಟಿದ ಹಾಗಾಗುತ್ತದೆ. ಆ ಮೂರು ತಿಂಗಳಲ್ಲಿ ರಜೆ ಬೇಕಾದರೆ ಇರುವ ಸಂಬಳಸಹಿತ ರಜೆಯನ್ನೇ ಹಾಕಿ. ಆಗಲಿಲ್ಲವೆಂದರೆ ಮೂರೂ ತಿಂಗಳ ಪೇ ಸ್ಲಿಪ್ ತೆಗೆದಿಟ್ಟುಕೊಂಡು ಭಾಗಿಸಿದ ಸಂಖ್ಯೆ ಯಾವುದು ಅಂತ ಕೇಳಿ. ದಿನಗೂಲಿಯವರಿಗೆ ಇನ್ನೊಂದು ಮಾತು. ವಾರ ಎಂದರೆ ಭಾನುವಾರವೂ ಸೇರಿ ಏಳು ದಿನ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. 26 ವಾರ ಎಂದರೆ 182 ದಿನದ ದುಡ್ಡು ಬರಬೇಕು, 156 ದಿನದ್ದಲ್ಲ.

ಎಚ್‌ಆರ್‌ಗೆ ಬರೆಯುವ ಇಮೇಲ್ ಚಿಕ್ಕದಾಗಿರಲಿ. ಡಾಕ್ಟರ ಸರ್ಟಿಫಿಕೇಟ್ ಲಗತ್ತಿಸಿ, ರಜೆ ಸೆಪ್ಟೆಂಬರ್ 14ರಿಂದ ಮಾರ್ಚ್ 14ರವರೆಗೆ ಎಂದು ದಿನಾಂಕ ಹಾಕಿ, ಈ ಪ್ರಶ್ನೆಗಳನ್ನು ಕೇಳಿ: ಹೆರಿಗೆ ವೇತನ ಒಟ್ಟು ಸಂಬಳದ ಮೇಲೋ, ಯಾವ ಭತ್ಯೆಗಳನ್ನು ಬಿಟ್ಟು? ದುಡ್ಡು ತಿಂಗಳು ತಿಂಗಳು ಬರುತ್ತದೋ, ಒಟ್ಟಿಗೋ? ಆಮೇಲಿನ ಸಂಬಳವಿಲ್ಲದ ರಜೆ ಮಂಜೂರಾಗುತ್ತದೆಯೇ, ಆ ಅವಧಿಯಲ್ಲಿ ನನ್ನ ಮತ್ತು ಮಗುವಿನ ಆರೋಗ್ಯ ವಿಮೆ ಮುಂದುವರಿಯುತ್ತದೆಯೇ? ವಾಪಸ್ ಸೇರುವ ದಿನ ಯಾವುದು? ಉತ್ತರ ಫೋನಿನಲ್ಲಿ ಬಂದರೆ ಸಂಜೆಯೊಳಗೆ "ಇವತ್ತು ತಾವು ಹೇಳಿದಂತೆ ಹೀಗೆ ಹೀಗೆ ಎಂದು ತಿಳಿದುಕೊಂಡಿದ್ದೇನೆ" ಎಂದು ಅವರಿಗೇ ಮರು ಇಮೇಲ್ ಕಳಿಸಿ. ಆರು ತಿಂಗಳಲ್ಲಿ ಮ್ಯಾನೇಜರ್ ಬದಲಾಗಬಹುದು, ಎಚ್‌ಆರ್‌ನವರೂ ಬದಲಾಗಬಹುದು. ಈ ಇಮೇಲ್ ಕಂಪನಿಯ ಲ್ಯಾಪ್‌ಟಾಪ್‌ನಲ್ಲಷ್ಟೇ ಇದ್ದರೆ ಸಾಲದು. ರಜೆಯಲ್ಲಿ ಆ ಲ್ಯಾಪ್‌ಟಾಪ್ ವಾಪಸ್ ಕೊಟ್ಟಿರುತ್ತೀರಿ, ಪ್ರಿಂಟ್ ತೆಗೆದು ಮನೆಯಲ್ಲಿಡಿ.

ದುಡ್ಡು ಯಾವಾಗ ಬರಬೇಕು ಎನ್ನುವುದಕ್ಕೂ ನಿಯಮವಿದೆ. ಹೆರಿಗೆಗೆ ಮುಂಚಿನ ಅವಧಿಯದ್ದು ಗರ್ಭಿಣಿ ಎಂಬ ದಾಖಲೆ ಕೊಟ್ಟಾಗ ಮುಂಗಡವಾಗಿ, ಉಳಿದದ್ದು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ. ರೂಢಿಯಲ್ಲಿ ಬಹಳ ಕಂಪನಿಗಳು ಮಾಮೂಲಿ ಸಂಬಳದಂತೆ ತಿಂಗಳಿಗೊಮ್ಮೆ ಹಾಕುತ್ತವೆ. ಕಂಪನಿ ಗಟ್ಟಿಯಾಗಿದ್ದು ಸಂಬಳ ಯಾವತ್ತೂ ತಡವಾಗದಿದ್ದರೆ ಅದೇ ನಿಮಗೆ ಅನುಕೂಲ, ಮನೆಯ ಲೆಕ್ಕ ಕೆಡುವುದಿಲ್ಲ. ಸಂಬಳ ಆಗಾಗ ತಡವಾಗುವ ಚಿಕ್ಕ ಸಂಸ್ಥೆಯಾದರೆ ಕಾನೂನಿನಂತೆ ಒಟ್ಟಿಗೇ ಕೇಳುವುದು ಒಳ್ಳೆಯದು. ಹಾಗೆ ಬಂದದ್ದನ್ನು ಉಳಿತಾಯ ಖಾತೆಯಲ್ಲಿ ಬಿಡಬೇಡಿ. ನಾಮಕರಣದ ಖರ್ಚು, ನೆಂಟರ ಕೈಸಾಲ ಅಂತ ಕರಗಿಹೋಗುತ್ತದೆ. ತಿಂಗಳ ಪಾಲು ಮಾಡಿ, ಒಂದೊಂದು ತಿಂಗಳಿಗೆ ಒಂದೊಂದು ಬಿಡುಗಡೆಯಾಗುವಂತೆ ಐದಾರು ಚಿಕ್ಕ ಎಫ್‌ಡಿ ಮಾಡಿ. ಕಂಪನಿ ಉಚಿತ ವೈದ್ಯಕೀಯ ಆರೈಕೆ ಕೊಡದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್ ಕೂಡ ನಿಮ್ಮ ಹಕ್ಕು. ಕೇಳದಿದ್ದರೆ ಇದನ್ನು ತಾವಾಗಿ ಕೊಡುವವರು ಕಡಿಮೆ.

ಈಗ ಲೆಕ್ಕಕ್ಕೆ ಬರೋಣ. ಮೊದಲು ಪೂರ್ತಿ ಸಂಬಳ ಬರುತ್ತದೆ ಎಂದುಕೊಳ್ಳೋಣ. ಈಗ ನಿಮ್ಮ ತಿಂಗಳ ಖರ್ಚು 64,500, ಇಬ್ಬರ ಕೈಗೆ ಬರುವುದು 85,000. ಮೇಯಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 20,500 ಉಳಿದರೆ 1,02,500. ಮಗು ಬಂದ ಮೇಲೆ ಡೈಪರ್, ಡಾಕ್ಟರ ಫೀಸ್, ಔಷಧಿಗೆ 6,000 ಸೇರಿಸಿದ್ದೇನೆ, ಆಫೀಸಿಗೆ ಓಡಾಟವಿಲ್ಲದ್ದಕ್ಕೆ ಪೆಟ್ರೋಲ್‌ನಲ್ಲಿ 2,000 ಕಳೆದಿದ್ದೇನೆ. ಅಕ್ಟೋಬರ್‌ನಿಂದ ಜನವರಿವರೆಗೆ ತಿಂಗಳಿಗೆ 16,500 ಉಳಿಯುತ್ತದೆ, ನಾಲ್ಕು ತಿಂಗಳಿಗೆ 66,000. ಫೆಬ್ರವರಿಯಲ್ಲಿ ಸ್ಕೂಟರ್ ಸಾಲ ತೀರಿದ್ದರೂ ವಿಮಾ ಕಂತಿನಿಂದಾಗಿ 4,000 ಕೊರತೆ. ಮಾರ್ಚ್‌ನಲ್ಲಿ ನಿಮಗೆ 14 ದಿನದ ಸಂಬಳ ಮಾತ್ರ, ಕೈಗೆ ಸುಮಾರು 20,000. ಆ ತಿಂಗಳಿಂದ ಎಸ್‌ಐಪಿ ನಿಲ್ಲಿಸಿದರೆ ಖರ್ಚು 59,000ಕ್ಕೆ ಇಳಿದು ಸಾವಿರ ಉಳಿಯುತ್ತದೆ. ಮಾರ್ಚ್ ಕೊನೆಗೆ ಕೂಡಿಸಿದ್ದು 1,65,500, ಹಳೆಯ ಎಫ್‌ಡಿ ಸೇರಿ 2,35,500.

ಇದರಲ್ಲಿ ಆಸ್ಪತ್ರೆಗೆ ವಿಮೆ ಕಳೆದು 60,000 ಹೋಗುತ್ತದೆ. ಏಪ್ರಿಲ್, ಮೇ, ಜೂನ್‌ನಲ್ಲಿ ಗಂಡನ 40,000ಕ್ಕೆ ಎದುರಾಗಿ 59,000 ಖರ್ಚು, ತಿಂಗಳಿಗೆ 19,000 ಕೊರತೆ. ಜುಲೈಯನ್ನೂ ಕೊರತೆಯ ತಿಂಗಳೆಂದೇ ಹಿಡಿಯಿರಿ. ಜುಲೈ 15ಕ್ಕೆ ಸೇರಿದರೂ ಆ ತಿಂಗಳ ಸಂಬಳದ ಪಟ್ಟಿ ಆಗಲೇ ಮುಚ್ಚಿರಬಹುದು, ಅರ್ಧ ತಿಂಗಳ ಸಂಬಳ ಆಗಸ್ಟ್ ಕೊನೆಗೆ ಒಟ್ಟಿಗೆ ಬರಬಹುದು. ವಾಪಸ್ ಸೇರಿದ ಮೊದಲ ತಿಂಗಳಲ್ಲೇ ಕೈ ಬರಿದಾಗುವುದಕ್ಕೆ ಕಾರಣ ಇದೇ, ಇದನ್ನು ಮೊದಲೇ ಎಣಿಸುವವರು ಅಪರೂಪ. ಹೀಗೆ ನಾಲ್ಕು ತಿಂಗಳಿಗೆ 76,000. ಎಲ್ಲ ಕಳೆದು ಉಳಿಯುವುದು 99,500. ಮಗುವಿನ ತುರ್ತು ಚಿಕಿತ್ಸೆಗೆ 50,000 ಮುಟ್ಟದೆ ಇಟ್ಟರೂ ಸೀಮಂತ, ನಾಮಕರಣ, ತವರಿನ ಬಾಣಂತನದ ಓಡಾಟಕ್ಕೆ ಸುಮಾರು 50,000 ಇರುತ್ತದೆ. ಧಾರಾಳವಲ್ಲ, ಸಾಲದು ಎನ್ನುವಂತೆಯೂ ಇಲ್ಲ.

ಇನ್ನು ಕಂಪನಿ 35,400ರ ಲೆಕ್ಕ ಹಿಡಿದರೆ? ತಿಂಗಳಿಗೆ 12,600ರಂತೆ ಆರು ತಿಂಗಳಿಗೆ 75,600 ಕಡಿಮೆ. ಕೊನೆಗೆ ಉಳಿಯುವುದು 23,900 ಮಾತ್ರ. ಆಗ ಮಗುವಿಗೆ ಒಂದು ಜ್ವರ ಬಂದು ಅಡ್ಮಿಟ್ ಮಾಡಬೇಕಾದರೂ ಸಾಲ ಮಾಡಬೇಕಾಗುತ್ತದೆ. ಹಾಗಾದಲ್ಲಿ ನನ್ನ ಸಲಹೆ ಸ್ಪಷ್ಟ: ಸಂಬಳವಿಲ್ಲದ ರಜೆಯನ್ನು ಎರಡು ತಿಂಗಳಿಗೆ ಇಳಿಸಿ. ಎರಡು ತಿಂಗಳು ಮೊದಲು ಸೇರಿದರೆ ಸುಮಾರು 90,000 ಕೈಗೆ ಬರುತ್ತದೆ, ಅದರಲ್ಲಿ ಮಗು ನೋಡಿಕೊಳ್ಳುವವರಿಗೆ ಕೊಟ್ಟು ಉಳಿದದ್ದು ನಿಮ್ಮದು. 26 ವಾರ ಮುಗಿದ ಮೇಲೆ ಕೆಲಸದ ಸ್ವರೂಪ ಒಪ್ಪುವುದಾದರೆ ಮನೆಯಿಂದ ಕೆಲಸ ಮಾಡಲು ನೀವು ಮತ್ತು ಕಂಪನಿ ಮಾತಾಡಿಕೊಂಡು ಒಪ್ಪಂದ ಮಾಡಿಕೊಳ್ಳಬಹುದು ಎಂದು ಕಾನೂನೇ ಹೇಳುತ್ತದೆ. ಎರಡು ತಿಂಗಳು ಪೂರ್ತಿ ರಜೆ, ಮುಂದಿನೆರಡು ತಿಂಗಳು ಮನೆಯಿಂದ ಕೆಲಸ ಎಂದು ಕೇಳುವುದು ನಾಲ್ಕು ತಿಂಗಳ ರಜೆ ಕೇಳುವುದಕ್ಕಿಂತ ಸುಲಭ.

ರಜೆ ಶುರುಮಾಡುವ ದಿನಾಂಕವೂ ಲೆಕ್ಕ ಬದಲಿಸುತ್ತದೆ. ಸೆಪ್ಟೆಂಬರ್ 14ಕ್ಕೆ ಶುರುವಾದರೆ ಹೆರಿಗೆಗೆ ಮುಂಚೆ 28 ದಿನ ಹೋಗಿ, ಮಗುವಿನ ಜೊತೆ 154 ದಿನ ಸಿಗುತ್ತದೆ. ಅಕ್ಟೋಬರ್ 5ಕ್ಕೆ ಶುರುವಾದರೆ 175 ದಿನ, ರಜೆ ಮುಗಿಯುವುದು ಏಪ್ರಿಲ್ 4ಕ್ಕೆ. ಅಂದರೆ ಸಂಬಳವಿಲ್ಲದ ರಜೆಯಲ್ಲಿ ಮೂರು ವಾರ ಕಡಿಮೆಯಾದಂತೆ, ಒಟ್ಟು ಸಂಬಳದ ಲೆಕ್ಕದಲ್ಲಿ 33,600ರಷ್ಟು. ಆದರೆ ಈ ಮಾತನ್ನು ಆರೋಗ್ಯ ಚೆನ್ನಾಗಿದ್ದವರಿಗೆ, ಡಾಕ್ಟರು ಒಪ್ಪಿದವರಿಗೆ ಮಾತ್ರ ಹೇಳುತ್ತಿದ್ದೇನೆ. ಬಸ್ಸಿನಲ್ಲಿ ದಿನಾ ಗಂಟೆಗಟ್ಟಲೆ ಓಡಾಡುವವರು, ಬಿಪಿ, ಸಕ್ಕರೆ ಏರಿದವರು ಮೂರು ವಾರದ ಸಂಬಳಕ್ಕಾಗಿ ಮೈ ನೋಯಿಸಿಕೊಳ್ಳಬಾರದು. ಹೆರಿಗೆಯಿಂದ, ಅವಧಿಗೆ ಮುಂಚಿನ ಹೆರಿಗೆಯಿಂದ ಕಾಯಿಲೆಯಾದರೆ 26 ವಾರದ ಮೇಲೆ ಇನ್ನೊಂದು ತಿಂಗಳು ವೇತನಸಹಿತ ರಜೆಯ ಹಕ್ಕಿದೆ. ಅದಕ್ಕೆ ಡಾಕ್ಟರ ಸರ್ಟಿಫಿಕೇಟಿನಲ್ಲಿ 'ವಿಶ್ರಾಂತಿ ಬೇಕು' ಎಂದಷ್ಟೇ ಇದ್ದರೆ ಸಾಲದು, ಕಾಯಿಲೆ ಹೆರಿಗೆಯಿಂದ ಬಂದದ್ದು ಎಂದು ಬರೆದಿರಬೇಕು.

ಆ ಒಂದು ತಿಂಗಳನ್ನು ಬಿಟ್ಟರೆ 26 ವಾರದ ಆಚೆಗಿನ ರಜೆ ನಿಮ್ಮ ಹಕ್ಕಲ್ಲ, ಕಂಪನಿಯ ಒಪ್ಪಿಗೆ ಬೇಕು. ಹೆರಿಗೆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು, ನಿಮಗೆ ನಷ್ಟವಾಗುವಂತೆ ಷರತ್ತು ಬದಲಿಸುವುದು ಕಾನೂನಿಗೆ ವಿರುದ್ಧ. ಸಂಬಳವಿಲ್ಲದ ರಜೆಗೆ ಆ ರಕ್ಷಣೆಯ ಬಲವಿಲ್ಲ. ಹಾಗಾಗಿ ಮಂಜೂರಾತಿ ಪತ್ರದಲ್ಲಿ ಶುರು, ಕೊನೆ, ವಾಪಸ್ ಸೇರುವ ಹುದ್ದೆ ಮೂರೂ ಇರಲಿ. ಈ ಅವಧಿಯಲ್ಲಿ ಪಿಎಫ್ ಕಟ್ಟುವುದೂ ನಿಲ್ಲುತ್ತದೆ. ನಿಮ್ಮ ಬೇಸಿಕ್‌ನ ಶೇ 12ರ ಲೆಕ್ಕದಲ್ಲಿ ನಿಮ್ಮ ಮತ್ತು ಕಂಪನಿಯ ಪಾಲು ಸೇರಿ ತಿಂಗಳಿಗೆ 5,760, ನಾಲ್ಕು ತಿಂಗಳಿಗೆ 23,040. ಗ್ರಾಚ್ಯುಟಿಗೆ 26 ವಾರದ ಹೆರಿಗೆ ರಜೆ ಸೇವೆಯಾಗಿಯೇ ಎಣಿಕೆಯಾಗುತ್ತದೆ. ಇರುವ ಗಳಿಕೆ ರಜೆಯಲ್ಲಿ ಒಂದಿಷ್ಟನ್ನು 26 ವಾರದ ಬಾಲಕ್ಕೆ ಅಂಟಿಸಿ, ಆದರೆ ಪೂರ್ತಿ ಖಾಲಿ ಮಾಡಬೇಡಿ. ಮಗುವನ್ನು ಶಿಶುವಿಹಾರಕ್ಕೆ ಬಿಟ್ಟ ಮೊದಲ ತಿಂಗಳುಗಳಲ್ಲಿ ನೆಗಡಿ, ಜ್ವರ ತಪ್ಪುವುದಿಲ್ಲ. ಏಳೆಂಟು ದಿನವಾದರೂ ಅದಕ್ಕೆಂದೇ ಉಳಿಯಲಿ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುವಿಹಾರದ ವ್ಯವಸ್ಥೆ ಇರಬೇಕೆಂಬ ನಿಯಮವಿದೆ, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೂಡ ಉಂಟು. ಸೇರುವ ಮೊದಲೇ ಕೇಳಿಟ್ಟುಕೊಳ್ಳಿ.

ಆಸ್ಪತ್ರೆಯ 1,10,000ದಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ. ಅರಿವಳಿಕೆ ತಜ್ಞರ ಫೀಸ್, ಮಕ್ಕಳ ಡಾಕ್ಟರ ಭೇಟಿ, ಮಗುವಿನ ತೀವ್ರ ನಿಗಾ ಘಟಕ, ಹೆಚ್ಚುವರಿ ದಿನದ ರೂಮು ಇವೆಲ್ಲ ಬಹಳ ಪ್ಯಾಕೇಜ್‌ಗಳಲ್ಲಿ ಹೊರಗಿರುತ್ತವೆ. ವಿಮೆಯಲ್ಲಿ ರೂಮಿನ ಬಾಡಿಗೆಗೆ ಮಿತಿ ಇದೆಯೇ ನೋಡಿ. ದಿನಕ್ಕೆ 4,000 ಮಿತಿ ಇದ್ದು ನೀವು 6,000ದ ರೂಮು ಹಿಡಿದರೆ ಕಡಿತವಾಗುವುದು ಆ 2,000 ಮಾತ್ರವಲ್ಲ. ಡಾಕ್ಟರ ಫೀಸ್, ಆಪರೇಷನ್ ಥಿಯೇಟರ್ ಬಿಲ್‌ಗಳನ್ನೂ ಮೂರರಲ್ಲಿ ಎರಡು ಪಾಲಿಗೆ ಇಳಿಸುವ ಷರತ್ತು ಹಲವು ಪಾಲಿಸಿಗಳಲ್ಲಿದೆ. ಗಂಡನ ಕಂಪನಿಯಲ್ಲೂ ಗುಂಪು ವಿಮೆ ಇದ್ದರೆ ಮೊದಲನೆಯದು ಕೊಟ್ಟು ಮಿಕ್ಕಿದ್ದನ್ನು ಅದರಲ್ಲಿ ಕೇಳಬಹುದು. ಬಿಡುಗಡೆಯಾಗುವಾಗಲೇ ಮೂಲ ಬಿಲ್, ಡಿಸ್ಚಾರ್ಜ್ ಸಮ್ಮರಿಯ ಎರಡು ಪ್ರತಿ ಮಾಡಿಸಿಕೊಳ್ಳಿ. ಮಗುವಿನ ಹೆಸರನ್ನು ವಿಮೆಗೆ ಸೇರಿಸಲು ಗಡುವು ಇರುತ್ತದೆ, ಹೆಸರಿಡುವವರೆಗೆ ಕಾಯಬೇಡಿ. ಜನನವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ, ಹೆಸರಿಲ್ಲದೆಯೂ ಪ್ರಮಾಣಪತ್ರ ಸಿಗುತ್ತದೆ, ಆಮೇಲೆ ಹೆಸರು ಸೇರಿಸಬಹುದು. ತಾಯಿ ಕಾರ್ಡ್ ಮಾಡಿಸಿಲ್ಲದಿದ್ದರೆ ಈ ವಾರವೇ ಮಾಡಿಸಿ. ಬಿಸಿಜಿ, ಪೋಲಿಯೊ, 6, 10, 14ನೇ ವಾರದ ಪೆಂಟಾವೇಲೆಂಟ್ ಮತ್ತು ರೋಟಾವೈರಸ್, ಜೊತೆಗೆ ನ್ಯುಮೊಕಾಕಲ್ ಲಸಿಕೆಗಳು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಖಾಸಗಿಯಲ್ಲಿ ಕೊಡುವ ಹೆಚ್ಚುವರಿ ಲಸಿಕೆ ಯಾವುದು ಬೇಕು ಎಂದು ಮಕ್ಕಳ ಡಾಕ್ಟರನ್ನು ಕೇಳಿ ಅದಕ್ಕಷ್ಟೇ ದುಡ್ಡು ಕೊಡಿ.

ಮನೆ ಸಾಲದ ಕಂತನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ಕಂತು ನಿಮ್ಮ ಸಂಬಳದ ಖಾತೆಯಿಂದ ಹೋಗುತ್ತಿದ್ದರೆ ಮಾರ್ಚ್‌ಗೆ ಮುಂಚೆಯೇ ಗಂಡನ ಖಾತೆಗೆ ಬದಲಿಸಿ. ಹೊಸ ಆದೇಶ ಜಾರಿಯಾಗಲು ಸಮಯ ಹಿಡಿಯುವುದರಿಂದ ಜನವರಿಯಲ್ಲೇ ಕೊಡಿ, ನಡುವೆ ಒಂದು ತಿಂಗಳು ಎರಡೂ ಖಾತೆಯಲ್ಲಿ 22,000 ಇರಲಿ. ಖಾತೆಯಲ್ಲಿ ದುಡ್ಡಿಲ್ಲದೆ ಒಂದು ಕಂತು ಹಿಂದಿರುಗಿದರೆ ದಂಡಕ್ಕಿಂತ ಸಿಬಿಲ್‌ನಲ್ಲಿ (ನಿಮ್ಮ ಸಾಲ ಮರುಪಾವತಿಯ ದಾಖಲೆಯಲ್ಲಿ) ಬೀಳುವ ಗುರುತು ಹೆಚ್ಚು ಕಾಲ ಕಾಡುತ್ತದೆ. ಕಂತು ಮುಂದೂಡಿ ಎಂದು ಬ್ಯಾಂಕಿಗೆ ಕೇಳುವುದೂ ದುಬಾರಿ. ಆ ತಿಂಗಳ ಬಡ್ಡಿ ಅಸಲಿಗೆ ಸೇರಿ ವರ್ಷಗಟ್ಟಲೆ ಬೆಳೆಯುತ್ತದೆ.

ಎಸ್‌ಐಪಿಯನ್ನು ಮಾರ್ಚ್‌ನಿಂದ ಜುಲೈವರೆಗೆ ನಿಲ್ಲಿಸಿದರೆ ತಪ್ಪಿಲ್ಲ, ಕೂಡಿದ್ದನ್ನು ಮಾರಬೇಡಿ. ಸುಮ್ಮನೆ ಖಾತೆ ಖಾಲಿ ಬಿಟ್ಟರೆ ಬ್ಯಾಂಕ್ ದಂಡ ಹಾಕುತ್ತದೆ, ಅದಕ್ಕೇ 'ಪಾಜ್' (ತಾತ್ಕಾಲಿಕ ನಿಲುಗಡೆ) ಎಂಬ ಆಯ್ಕೆಯಲ್ಲಿ ಕ್ರಮಬದ್ಧವಾಗಿ ನಿಲ್ಲಿಸಿ. ಚೀಟಿಯ ವಿಷಯ ಸ್ವಲ್ಪ ಸೂಕ್ಷ್ಮ. ನೀವಿನ್ನೂ ಚೀಟಿ ಎತ್ತಿಲ್ಲವಾದರೆ, ಎತ್ತಬೇಕೆಂಬ ಮನಸ್ಸೂ ಇದ್ದರೆ, ಸಂಬಳವಿಲ್ಲದ ರಜೆ ಶುರುವಾಗುವ ಮೊದಲು ಎತ್ತಿ. ನೋಂದಾಯಿತ ಚೀಟಿ ಕಂಪನಿಗಳು ದುಡ್ಡು ಕೊಡುವಾಗ ಜಾಮೀನು, ಸಂಬಳದ ದಾಖಲೆ ಕೇಳುತ್ತವೆ. ಏಪ್ರಿಲ್‌ನಲ್ಲಿ ನಿಮ್ಮ ಪೇ ಸ್ಲಿಪ್‌ನಲ್ಲಿ ಸೊನ್ನೆ ಇರುತ್ತದೆ. ಹಾಗೆಂದು ಅವಸರಕ್ಕೆ ಬಿದ್ದು ಹೆಚ್ಚು ಕೂಗಿ ಎತ್ತಿದರೆ ನಷ್ಟ. ಕೂಗಿ ಬಿಟ್ಟುಕೊಟ್ಟ ಮೊತ್ತವನ್ನು ಉಳಿದ ತಿಂಗಳುಗಳಿಗೆ ಹಂಚಿ ಅದು ಬಡ್ಡಿಯಾಗಿ ಎಷ್ಟಾಯಿತು ಎಂದು ನೋಡಿಕೊಳ್ಳಿ. ನೋಂದಣಿ ಇಲ್ಲದ, ಗೊತ್ತಿರುವವರ ಕೈಚೀಟಿಯಾದರೆ ಈ ಒಂದು ವರ್ಷ ಅದರ ದುಡ್ಡನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಎಲ್ಲ ಮಾಡಿಯೂ ಕೊರತೆ ಬಿದ್ದರೆ ಚಿನ್ನದ ಮೇಲೆ ಬ್ಯಾಂಕಿನಿಂದ ಸಣ್ಣ ಸಾಲ ಪಡೆದು ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಿ. ಕ್ರೆಡಿಟ್ ಕಾರ್ಡಿನ ಬಾಕಿ ಉರುಳಿಸಿದರೆ ತಿಂಗಳಿಗೆ ಶೇ 3ರಿಂದ 4ರವರೆಗೆ ಬಡ್ಡಿ ಏರುತ್ತದೆ, ಆಗಸ್ಟ್‌ನಲ್ಲಿ ಸೇರಿದ ಸಂಬಳವೆಲ್ಲ ಅಲ್ಲಿಗೇ ಹೋಗುತ್ತದೆ. ತೆರಿಗೆಯ ಚಿಂತೆ ನಿಮಗೆ ಬೇಡ. ಹೆರಿಗೆ ವೇತನ ಸಂಬಳದಂತೆಯೇ ಆದಾಯ, ಆದರೆ ಹೊಸ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ.

ಇನ್ನೊಂದು ಮಾತನ್ನು ಹೇಳಲೇಬೇಕು, ಇದು ಅಂಕಿಯ ಮಾತಲ್ಲ ಅಂತ ಬಿಡಬೇಡಿ. ಈ ಹತ್ತು ತಿಂಗಳೂ, ಸಂಬಳವಿಲ್ಲದ ತಿಂಗಳುಗಳೂ ಸೇರಿ, ನಿಮ್ಮ ಸ್ವಂತ ಖಾತೆಗೆ ಒಂದು ನಿಗದಿತ ಮೊತ್ತ ಬರಲಿ. 3,000 ಆದರೂ ಸರಿ, ಒಂದನೇ ತಾರೀಖಿಗೆ ತಾನಾಗಿ ವರ್ಗಾವಣೆಯಾಗುವಂತೆ ಮಾಡಿ, ಮನೆ ಖರ್ಚಿನ 18,000ದೊಳಗೇ ಅದನ್ನು ಹೊಂದಿಸಿ. ದುಡಿದು ಅಭ್ಯಾಸವಾದವರು ಹಾಲೂಡಿಸುವ ಹೊತ್ತಿನಲ್ಲಿ ಒಂದು ಮಾತ್ರೆಗೂ ಕೈ ಚಾಚಬೇಕಾದಾಗ ಆಗುವ ಸಂಕಟ ದೊಡ್ಡದು. ಬಹಳ ಮನೆಗಳಲ್ಲಿ ಜಗಳ ಹುಟ್ಟುವುದು ದೊಡ್ಡ ಖರ್ಚಿಗಲ್ಲ, ಇಂಥ ಸಣ್ಣ ಕೇಳುವಿಕೆಗೆ. ಗಂಡ ಹೆಂಡತಿ ಇಬ್ಬರೂ ಕೂತು ಮೇಲಿನ ತಿಂಗಳ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿ.

ಅಂಗನವಾಡಿಯವರು ಹೇಳುವ ಮಾತೃ ವಂದನಾ ಯೋಜನೆಯ 5,000 ನಿಮಗಾಗಲಿ, ನಿಮ್ಮ ತಂಗಿಗಾಗಲಿ ಬರುವುದಿಲ್ಲ. ಕಾನೂನಿನಡಿ ಹೆರಿಗೆ ಸೌಲಭ್ಯ ಪಡೆಯುವವರನ್ನು ಅದರಿಂದ ಹೊರಗಿಟ್ಟಿದ್ದಾರೆ.

ತಂಗಿಯ ವಿಷಯಕ್ಕೆ ಬಂದರೆ, 21,000ದೊಳಗಿನ ಸಂಬಳದ ಇಎಸ್‌ಐ ಕಾರ್ಮಿಕರಿಗೆ ಹೆರಿಗೆಯ ದುಡ್ಡು ಕೊಡುವುದು ಫ್ಯಾಕ್ಟರಿಯಲ್ಲ, ಇಎಸ್‌ಐ ನಿಗಮ. ಅವಧಿ ಅದೇ 26 ವಾರ, ದಿನದ ಸರಾಸರಿ ವೇತನದ ಪೂರ್ತಿ ಮೊತ್ತ. ಡಿಸೆಂಬರ್‌ನ ಹೆರಿಗೆ ಜುಲೈನಿಂದ ಡಿಸೆಂಬರ್‌ವರೆಗಿನ ಸೌಲಭ್ಯ ಅವಧಿಗೆ ಬೀಳುತ್ತದೆ. ಅದಕ್ಕೆ ಹೊಂದುವ ವಂತಿಗೆ ಅವಧಿ, ಅಂದರೆ ಇಎಸ್‌ಐಗೆ ದುಡ್ಡು ಕಟ್ಟಿದ ಆರು ತಿಂಗಳು, ಕಳೆದ ಅಕ್ಟೋಬರ್‌ನಿಂದ ಮಾರ್ಚ್. ಆದ್ದರಿಂದ ಏಪ್ರಿಲ್‌ನಲ್ಲಿ ಆದ ಸಂಬಳ ಏರಿಕೆ ಅವಳ ದರದಲ್ಲಿ ಕಾಣಿಸುವುದಿಲ್ಲ, ಅದು ತಪ್ಪಲ್ಲ. ಬೇಕಾದ ಅರ್ಹತೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ. ಇಲ್ಲಿ ಎಡವುವುದು ಫ್ಯಾಕ್ಟರಿ ಬದಲಿಸಿದವರು. ಹೊಸ ಫ್ಯಾಕ್ಟರಿಯವರು ಹಳೆಯ ವಿಮಾ ಸಂಖ್ಯೆ ಕೇಳದೆ ಹೊಸದನ್ನು ಮಾಡಿಸಿದ್ದರೆ ದಿನಗಳು ಎರಡು ಕಡೆ ಹರಿದುಹೋಗಿ 70 ತುಂಬಿದಂತೆ ಕಾಣುವುದಿಲ್ಲ. ಹಳೆಯ ಕಾರ್ಡ್, ಆಧಾರ್ ತೆಗೆದುಕೊಂಡು ಈಗಲೇ ಶಾಖಾ ಕಚೇರಿಗೆ ಹೋಗಿ ಎರಡನ್ನೂ ಒಂದು ಮಾಡಿಸಲಿ. ಬ್ಯಾಂಕ್ ಖಾತೆಯಲ್ಲಿನ ಹೆಸರು, ಆಧಾರ್‌ನಲ್ಲಿನ ಹೆಸರು, ಇಎಸ್‌ಐ ದಾಖಲೆಯ ಹೆಸರು ಒಂದೇ ರೀತಿ ಇದೆಯೇ ನೋಡಲಿ. ಮದುವೆಯ ನಂತರ ಹೆಸರು ಬದಲಾಗಿದ್ದರೆ ದುಡ್ಡು ನಿಲ್ಲುವುದು ಇಲ್ಲೇ. ಅರ್ಜಿಯನ್ನು ಇಎಸ್‌ಐ ಪೋರ್ಟಲ್‌ನಲ್ಲಿ ಅಥವಾ ಶಾಖಾ ಕಚೇರಿಯಲ್ಲಿ ಹಾಕಬಹುದು. ದುಡ್ಡು ಪಡೆಯುವ ದಿನಗಳಲ್ಲಿ ಅವಳು ಸಂಬಳಕ್ಕೆ ಬೇರೆ ಕೆಲಸ ಮಾಡುವಂತಿಲ್ಲ. ಹೆರಿಗೆಗೆ ಮುಂಚೆ ಅವಳ ಸಂಬಳ 21,000 ದಾಟಿ ಇಎಸ್‌ಐನಿಂದ ಹೊರಬಿದ್ದರೆ ಸೌಲಭ್ಯ ಸತ್ತುಹೋಗುವುದಿಲ್ಲ, ಅರ್ಹತೆ ಇರುವವರಿಗೆ ಕೊಡುವ ಹೊಣೆ ಫ್ಯಾಕ್ಟರಿಯ ಮೇಲೆ ಬರುತ್ತದೆ. ಯಾರೂ ಕೊಡುವುದಿಲ್ಲ ಎಂದರೆ ಪೇ ಸ್ಲಿಪ್, ತಾಯಿ ಕಾರ್ಡ್, ಕೊಟ್ಟ ಅರ್ಜಿಯ ಪ್ರತಿ ಹಿಡಿದು ಜಿಲ್ಲೆಯ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಡಲಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬರಲಿ.